ಒಬ್ಬನ ಕೆಮ್ಮು ಇಡೀ ಬ್ಯಾರಕ್ಕಿಗೆ ಹರಡದಿರಲು ಏನು ಮಾಡಬೇಕು?

ದಸರಾ ಬಂದೋಬಸ್ತಿಗೆ ಹೊರ ಜಿಲ್ಲೆಗಳಿಂದ ಮೈಸೂರಿಗೆ ಬರುವ ಪೊಲೀಸರು ಕಲ್ಯಾಣ ಮಂಟಪ, ಶಾಲೆಗಳಲ್ಲಿ ಸಾಲಾಗಿ ಮಲಗುತ್ತಾರೆ. ಎನ್‌ಸಿಸಿ ಕ್ಯಾಂಪು, ತರಬೇತಿ ಶಾಲೆಯ ಬ್ಯಾರಕ್ಕುಗಳದ್ದೂ ಇದೇ ಕತೆ. ಫ್ಲೂ ಆದರೆ ಸೋಂಕು ತಗುಲಿದ ನಾಲ್ಕು ದಿನದೊಳಗೆ ಜ್ವರ ಕಾಣಿಸುತ್ತದೆ. ಕೆಮ್ಮು, ಜ್ವರ ತರುವ ಇನ್ನೊಂದು ವೈರಸ್ಸು ಅಡೆನೋ, ಅದು ಮೈಯೊಳಗೆ ಹೊಕ್ಕ ಮೇಲೆ ಎರಡು ವಾರದವರೆಗೂ ಸುಮ್ನೆ ಇರಬಹುದು. ಅಮೆರಿಕದ ಸೇನೆ ಹೊಸ ಸಿಪಾಯಿಗಳಿಗೆ 1971ರಿಂದ ಇದಕ್ಕೆ ಲಸಿಕೆಯ ಮಾತ್ರೆ ಕೊಡುತ್ತಿತ್ತು. 1999ರ ಹೊತ್ತಿಗೆ ದಾಸ್ತಾನು ಮುಗಿಯಿತು, ಬ್ಯಾರಕ್ಕುಗಳಿಗೆ ಜ್ವರ ವಾಪಸ್ ಬಂತು. 2011ರಲ್ಲಿ ಮತ್ತೆ ಮಾತ್ರೆ ಶುರು ಮಾಡಿದರು. ಅದು ಅಲ್ಲಿನ ಸೇನೆಗೆ ಮಾತ್ರ. ನಾವು ಕೋಣೆಯನ್ನೇ ಸರಿಮಾಡಿಕೊಳ್ಳಬೇಕು.

ಮೊದಲು ಹಾಸಿಗೆ. ಎರಡು ಹಾಸಿಗೆ ನಡುವೆ ಕನಿಷ್ಠ ಮೂರು ಅಡಿ ಬಿಡಿ. ಜಾಗ ಸಾಲದಿದ್ದರೆ ಒಬ್ಬನ ತಲೆ ಇರುವ ಕಡೆ ಪಕ್ಕದವನ ಕಾಲು ಬರಲಿ. ಖರ್ಚಿಲ್ಲದೆ ಮುಖಗಳ ನಡುವೆ ಅಂತರ ಸಿಗುತ್ತದೆ. ಉತ್ತರಕ್ಕೆ ತಲೆ ಹಾಕಲ್ಲ ಅಂತ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ. ಹಾಸಿಗೆಗಳನ್ನು ಪೂರ್ವ ಪಶ್ಚಿಮವಾಗಿ ಹಾಸಿದರೆ ಆ ಜಗಳವೇ ಇಲ್ಲ.

ಆಮೇಲೆ ಕಿಟಕಿ. ನೆಲಕ್ಕೆ ಎಷ್ಟು ಫಿನಾಯಿಲ್ ಸುರಿದರೂ ಗಾಳಿಯಲ್ಲಿ ತೇಲುವ ವೈರಸ್ಸಿಗೆ ಏನೂ ಆಗದು. ಎದುರುಬದುರು ಕಿಟಕಿ ತೆರೆದಿಡಿ. ಸೊಳ್ಳೆ ಅಂತ ರಾತ್ರಿ ಮುಚ್ಚಿಬಿಡುತ್ತಾರೆ, ಅದಕ್ಕೆ ಕಿಟಕಿಗೆ ಜಾಲರಿ ಹೊಡೆಸಿ.

ಬೆಳಗಿನ ಹಾಜರಿಯಲ್ಲೇ ಕೆಮ್ಮು, ಜ್ವರ, ಗಂಟಲು ನೋವು ಯಾರಿಗಿದೆ ಅಂತ ಕೇಳಿ. ಇಡೀ ಕೆಲಸ ನಿಂತಿರುವುದು ಇದರ ಮೇಲೇ. ಪರೇಡ್ ತಪ್ಪಿಸೋಕೆ ನಾಟಕ ಅಂತ ಬೈದರೆ ನಾಳೆಯಿಂದ ಯಾರೂ ಬಾಯಿ ಬಿಡಲ್ಲ, ಅಲ್ವಾ? ಹೇಳಿಕೊಂಡವನಿಗೆ ಅವತ್ತೇ ಮಾಸ್ಕ್, ಬೇರೆ ಕೋಣೆ, ರಜೆ ಕೊಡಿ. ಜ್ವರದ ಮಾತ್ರೆ ನುಂಗದೆ ಪೂರ್ತಿ ಒಂದು ದಿನ ಜ್ವರ ಬರದಿದ್ದರೆ ಮಾತ್ರ ಸಾಲಿಗೆ ವಾಪಸ್. ಅಷ್ಟಾದರೂ ಕೆಲವು ದಿನ ಮಾಸ್ಕ್ ಇರಲಿ.

ಕೈ ತೊಳೆಯಲು ಸೋಪು, ನೀರೇ ಮೇಲು. ಅಡೆನೋ ವೈರಸ್ಸು ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಲೋಟ, ಟವೆಲ್ ಹಂಚಿಕೊಳ್ಳುವುದು ಬೇಡ.

ಫ್ಲೂ ಚುಚ್ಚುಮದ್ದು ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ದಸರಾ ಡ್ಯೂಟಿ ಇರುವವರು ಗಣೇಶನ ಹಬ್ಬದ ಹೊತ್ತಿಗೇ ಹಾಕಿಸಿಕೊಳ್ಳಲಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.