ಅತ್ತೆಯ ಹಿಮ್ಮಡಿ ಕೆಂಪಾಗಲೇ ಇಲ್ಲ

ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು. ಬೆಡ್ ಸೋರ್ (ಮಲಗಿದ್ದಲ್ಲೇ ಒತ್ತಿ ಆಗುವ ಹುಣ್ಣು) ಆಗದ ಹಾಗೆ ನೋಡ್ಕೊಳ್ಳಿ, ಚರ್ಮ ಕೆಂಪಾದರೆ ಹುಷಾರು. ನಾನು ದಿನಾ ಕೆಂಪನ್ನೇ ಹುಡುಕುತ್ತಿದ್ದೆ. ಅತ್ತೆಯದು ಕಪ್ಪು ಮೈಬಣ್ಣ. ಕೆಂಪು ಕಾಣಲೇ ಇಲ್ಲ.

ಮನೆಗೆ ಕರೆತಂದ ಒಂಬತ್ತನೇ ದಿನ ಕಾಲು ಒರೆಸುತ್ತಿದ್ದೆ. ಬಲ ಹಿಮ್ಮಡಿ ಎಡಗಡೆಯದಕ್ಕಿಂತ ಬಿಸಿ ಇತ್ತು. ಮುಟ್ಟಿದರೆ ಮೆತ್ತಗೆ, ಒಳಗೆ ನೀರು ತುಂಬಿದ ಹಾಗೆ. ಟಾರ್ಚ್ ಬಿಟ್ಟು ನೋಡಿದರೆ ನೇರಳೆ ಹಣ್ಣಿನ ಬಣ್ಣದ ಒಂದು ಕಲೆ. ಚರ್ಮ ಒಡೆದಿರಲಿಲ್ಲ. ಅವತ್ತೇ ಒಬ್ಬ ನರ್ಸ್ ಬಂದು ನೋಡಿದರು. “ನಮ್ಮ ಬಣ್ಣದವರಿಗೆ ಕೆಂಪಾಗಲಿ ಅಂತ ಕಾಯ್ಬಾರದಮ್ಮ, ಕೈಯಲ್ಲಿ ಮುಟ್ಟಿ ನೋಡಿ” ಅಂದರು.

ಅಂದಿನಿಂದ ಬೆಳಿಗ್ಗೆ ಮೈ ಒರೆಸುವಾಗ ಒಮ್ಮೆ, ರಾತ್ರಿ ಒಮ್ಮೆ ಅಂಗೈ ಹಿಂಭಾಗದಿಂದ ಮುಟ್ಟಿ ನೋಡುತ್ತೇನೆ. ಬೆನ್ನಿನ ಕೆಳಗೆ ಬಾಲದ ಮೂಳೆ, ಸೊಂಟದ ಎರಡು ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಕಿವಿಯ ಅಂಚು. ಪಕ್ಕದ ಚರ್ಮಕ್ಕಿಂತ ಬಿಸಿ, ತಣ್ಣಗೆ, ಗಟ್ಟಿ, ಮೆತ್ತಗೆ, ಯಾವುದೇ ವ್ಯತ್ಯಾಸ ಕಂಡರೂ ಆ ಜಾಗದ ಮೇಲೆ ಮತ್ತೆ ಭಾರ ಬೀಳಲು ಬಿಡುವುದಿಲ್ಲ. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಲೂಬಾರದು. ಒಳಗೆ ಮೊದಲೇ ನೊಂದಿರುವ ಮಾಂಸ ಇನ್ನಷ್ಟು ಹಾಳಾಗುತ್ತದೆ. ನೋಡಲು ಬಂದವರೆಲ್ಲ ತಿಕ್ಕಿ ಅಂತಲೇ ಹೇಳುತ್ತಿದ್ದರು. ಗಾಳಿ ತುಂಬಿದ ರಿಂಗ್ ತಂದುಕೊಟ್ಟವರೂ ಇದ್ದಾರೆ. ರಿಂಗಿನ ಅಂಚು ಸುತ್ತಲೂ ಒತ್ತಿ ನಡುವಿನ ಜಾಗಕ್ಕೆ ರಕ್ತ ಹೋಗುವುದನ್ನೇ ಕಡಿಮೆ ಮಾಡುತ್ತದೆ, ಅದಕ್ಕೇ ಅದನ್ನು ಬಳಸಲಿಲ್ಲ.

ನಾವು ತಪ್ಪಿದ್ದು ಪಂಪಿನಿಂದ ಗಾಳಿ ತುಂಬುವ ಏರ್ ಬೆಡ್ ನಂಬಿ. ಪಂಪು ಓಡುತ್ತಿದೆ, ಇನ್ನೇನು ಭಯ ಅಂದುಕೊಂಡಿದ್ದೆವು. ಏರ್ ಬೆಡ್ ಒತ್ತಡ ಕಡಿಮೆ ಮಾಡುತ್ತದೆ, ಆದರೆ ಮಗ್ಗುಲು ಬದಲಿಸುವ ಕೆಲಸ ನಮ್ಮದೇ. ಹಿಮ್ಮಡಿಗಂತೂ ಅದು ಸಾಲದು. ಈಗ ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬು ಇಟ್ಟು ಹಿಮ್ಮಡಿಯನ್ನು ಗಾಳಿಯಲ್ಲೇ ಬಿಡುತ್ತೇನೆ. ಕೆಳಗೆ ಕೈ ಸಲೀಸಾಗಿ ಓಡಾಡಬೇಕು. ಆ ಕಲೆ ಮಾಯಲು ಮೂರು ವಾರ ಹಿಡಿಯಿತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಎಡ, ಬೆನ್ನು, ಬಲ ಅಂತ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. ರಾತ್ರಿ ಹತ್ತು, ಹನ್ನೆರಡು ಇವರ ಪಾಲು. ಎರಡು, ನಾಲ್ಕು ನನ್ನದು. “ನಿದ್ದೆ ಕೆಡಿಸ್ತೀಯಲ್ಲೇ” ಅಂತ ಅತ್ತೆ ಗೊಣಗುತ್ತಾರೆ. “ಒಂದೇ ನಿಮಿಷ ಅತ್ತೆ, ಆಯ್ತು” ಅನ್ನುತ್ತೇನೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಸ್ವಾಧೀನವಿಲ್ಲದ ಬಲ ಮಗ್ಗುಲಿಗೆ ಹೊರಳಿಸಿದಾಗ ಹೊತ್ತು ಕಡಿಮೆ, ಏಕೆಂದರೆ ಅಲ್ಲಿ ನೋವಾದರೂ ಅವರಿಗೆ ಗೊತ್ತಾಗುವುದಿಲ್ಲ.

ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಲೇಬಾರದು. ಚರ್ಮ ಹಾಸಿಗೆಗೆ ಅಂಟಿ ಒಳಗಿನ ಮೂಳೆ ಮಾತ್ರ ಸರಿಯುತ್ತದೆ, ನಡುವಿನ ಮಾಂಸ ತಿರುಚುತ್ತದೆ. ಮಾವನವರ ಹಳೇ ಪಂಚೆ ಮಡಚಿ ಸೊಂಟದ ಕೆಳಗೆ ಹಾಸಿದ್ದೇನೆ. ಇಬ್ಬರೂ ಎರಡು ಕಡೆ ಹಿಡಿದು ಎತ್ತಿ ಸರಿಸುತ್ತೇವೆ.

ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ, ತೊಳೆದು, ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚುತ್ತೇನೆ. ಚರ್ಮಕ್ಕೆ ಪ್ರೋಟೀನ್ ಬೇಕು. ಅತ್ತೆ ಮೊಟ್ಟೆ ತಿನ್ನುವವರಲ್ಲ, ಹಾಗಾಗಿ ಮೊಸರು, ಗಟ್ಟಿ ಹೆಸರುಬೇಳೆ ತೊವ್ವೆ ದಿನಾ ಇದ್ದೇ ಇರುತ್ತದೆ.

ಈಗ ಮಧ್ಯಾಹ್ನ ಅರ್ಧ ಗಂಟೆ ಕುರ್ಚಿಯಲ್ಲಿ ಕೂರುತ್ತಾರೆ. ಕೂತಾಗ ಭಾರವೆಲ್ಲ ಕುಂಡಿಯ ಮೇಲೇ ಅಲ್ವಾ? ಹದಿನೈದು ನಿಮಿಷಕ್ಕೊಮ್ಮೆ ನಾನು ಎದುರು ಕೂತು ಭುಜ ಹಿಡಿದುಕೊಳ್ಳುತ್ತೇನೆ. ಅವರು ಎಡಗೈಯನ್ನು ನನ್ನ ಮಂಡಿಗೆ ಊರಿ, ಮುಂದಕ್ಕೆ ಬಾಗಿ, ಮನಸ್ಸಲ್ಲೇ ಅರವತ್ತು ಎಣಿಸುತ್ತಾರೆ.