ಜಯಮಂಗಲಿ ಜಲಾನಯನದ ಗಿಡಗಳನ್ನು ನಾನು ದಾಖಲಿಸಿದ ಬಗೆ

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಬಿದ್ದ ಮಳೆ ಎರಡು ಹಾದಿ ಹಿಡಿಯುತ್ತದೆ. ಶಿಂಷೆ ದಕ್ಷಿಣಕ್ಕೆ ಸಾಗಿ ಕಾವೇರಿಯನ್ನು ಸೇರಿದರೆ, ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಗೆ ಕೂಡಿ, ಆ ನದಿಯ ಮೂಲಕ ನೆಲ್ಲೂರು ಜಿಲ್ಲೆಯ ಊಟುಕೂರಿನ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ನದಿ ಕಡಲನ್ನು ಸೇರುವ ಅಳಿವೆಯ ಸಸ್ಯಗಳ ಮಾತು ಬಂದಾಗಲೆಲ್ಲ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳೇ ಮುಂದೆ ಬರುತ್ತವೆ. ಆದರೆ ಅಳಿವೆಗೆ ಸಿಹಿನೀರೂ ಮೆಕ್ಕಲುಮಣ್ಣೂ ಬರುವುದು ಇಂಥ ಮೇಲ್ಜಲಾನಯನಗಳಿಂದ. ಇಲ್ಲಿನ ಗಿಡಗಳನ್ನೂ ಅಷ್ಟೇ ಆಸ್ಥೆಯಿಂದ ಬರೆದಿಡಬೇಕೆಂಬ ಆಸೆಯಿಂದ ನಾನು ಈ ಕೆಲಸ ಹಿಡಿದೆ.

ಕಾಡಿನ ಭಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಬೆಟ್ಟದ ನೆತ್ತಿಯಿಂದ ಹಳ್ಳದ ತಳದವರೆಗೆ ಹಗ್ಗ ಹಿಡಿದು ಗೆರೆ ಗುರುತಿಸಿಕೊಂಡೆ. ಗೆರೆಯುದ್ದಕ್ಕೂ ಮರಗಳಿಗೆ 10 ಮೀಟರ್, ಪೊದೆಗಳಿಗೆ 5 ಮೀಟರ್, ಹುಲ್ಲಿಗೆ 1 ಮೀಟರ್ ಬದಿಯ ಚೌಕಗಳನ್ನು ಹಾಕಿ, ಪ್ರತಿ ಗಿಡದ ಹೆಸರಿನ ಜೊತೆಗೆ ಮಣ್ಣು, ತೇವ, ನೆರಳು ಮತ್ತು ಪಕ್ಕದಲ್ಲಿ ಬೆಳೆದಿರುವ ಗಿಡಗಳನ್ನು ಬರೆದುಕೊಂಡೆ. ಈ ಕೊನೆಯ ಅಂಕಣವೇ ನನಗೆ ಮುಖ್ಯವಾಗಿತ್ತು, ಏಕೆಂದರೆ ಬರಿಯ ಹೆಸರುಗಳ ಪಟ್ಟಿಯಿಂದ ಸಸ್ಯ ಸಮುದಾಯ ಕಾಣಿಸುವುದಿಲ್ಲ. ಹುಲ್ಲುಗಳನ್ನು ತೆನೆ ಬಿಟ್ಟ ಕಾಲದಲ್ಲಲ್ಲದೆ ನಂಬಿಕೆಯಿಂದ ಗುರುತಿಸಲಾಗದ ಕಾರಣ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಚೌಕಗಳಿಗೆ ಮತ್ತೆ ಹೋಗುತ್ತಿದ್ದೆ. ಆಗ ಕುರಿ ಮೇಯಿಸುವ ಹಿರಿಯರು ಹೇಳಿಕೊಟ್ಟದ್ದು ಬಹಳ.

ಬಂಡೆ ಮತ್ತು ಕಲ್ಲುಮಣ್ಣಿನ ಇಳಿಜಾರಿನಲ್ಲಿ ದಿಂಡಿಗ, ಕಗ್ಗಲಿ, ಅವುಗಳ ಕೆಳಗೆ ಬಂದರಿಕೆ, ಕಾರೆ, ಕವಳೆ, ನಡುನಡುವೆ ಬಾದೆ ಹುಲ್ಲು ಸಿಗುತ್ತವೆ. ಹಳ್ಳಕ್ಕೆ ಇಳಿದಂತೆ ಈ ಕೂಟವೇ ಬದಲಾಗಿ ಹೊಳೆಮತ್ತಿ, ನೇರಳೆ, ಲಕ್ಕಿ, ಹೊಂಗೆ ಕಾಣಿಸುತ್ತವೆ. ಮರಳು ತೆಗೆದು ದಡ ಕುಸಿದ ಕಡೆ ಇವು ಯಾವುವೂ ಉಳಿಯದೆ ಬಳ್ಳಾರಿ ಜಾಲಿ ಹಬ್ಬಿರುತ್ತದೆ.

ಹೊಂಗೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದರ ಕಾಯಿ ಚಪ್ಪಟೆ, ಗಡುಸು. ಸಾಮಾನ್ಯವಾಗಿ ಒಳಗೆ ಒಂದೇ ಬೀಜ. ಒಣಗಿದರೂ ಅದು ತಾನಾಗಿ ಬಿರಿಯುವುದಿಲ್ಲ, ನೀರಿಗೆ ಬಿದ್ದರೆ ತೇಲುತ್ತದೆ. ಹಳ್ಳ ಹರಿದು ನಿಂತ ಮೇಲೆ ಲಕ್ಕಿಯ ಬುಡದಲ್ಲಿ ಸಿಕ್ಕಿಕೊಂಡ ಕಸಕಡ್ಡಿಯನ್ನು ಬಿಡಿಸಿ ನೋಡಿದರೆ ಈ ಕಾಯಿಗಳು ಸಾಲಾಗಿ ಕೂತಿರುತ್ತವೆ, ಕೆಲವು ಅಲ್ಲೇ ಮೊಳೆತಿರುತ್ತವೆ. ಉಪ್ಪನ್ನು ತಾಳಿಕೊಳ್ಳಬಲ್ಲ ಈ ಮರ ಕರಾವಳಿಯಲ್ಲಿ ಕಾಂಡ್ಲಾ ಕಾಡಿನ ಹಿಂಬದಿಯ ದಡದಲ್ಲಿಯೂ ಸಹಜವಾಗಿ ಬೆಳೆಯುತ್ತದೆ. ನಮ್ಮ ಬಯಲುಸೀಮೆಯ ಹಳ್ಳಕ್ಕೂ ಅಳಿವೆಗೂ ನಡುವೆ ಇಷ್ಟು ನೇರವಾದ ನಂಟು ತೋರಿಸುವ ಇನ್ನೊಂದು ಮರ ನನ್ನ ಚೌಕಗಳಲ್ಲಿ ಸಿಕ್ಕಿಲ್ಲ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲು ಇದೇ ಜಲಾನಯನದ ಬೇರೊಂದು ಸಮುದಾಯ. ಮರವಿಲ್ಲದ ನೆಲವೆಂದರೆ ಹಾಳುಬಿದ್ದ ನೆಲವೆಂದು ತಿಳಿದು ಸಸಿ ನೆಡಲು ಹೊರಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಂಥ ಬಯಲಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರುಗಳೇ. ಅಲ್ಲಿ ಮರದ ತೋಪು ಎಬ್ಬಿಸಿದರೆ ನೆರಳಿಗೆ ಹುಲ್ಲು ಸಾಯುತ್ತದೆ, ಬಯಲನ್ನೇ ನಂಬಿದ ಕೃಷ್ಣಮೃಗಕ್ಕೆ ನೆಲೆ ತಪ್ಪುತ್ತದೆ.

ಈಗ ದಡ ಕುಸಿದ ಜಾಗಗಳಲ್ಲಿ, ಹೊಲದವರ ಒಪ್ಪಿಗೆ ಪಡೆದು, ನೀರಿನಂಚಿಗೆ ಲಕ್ಕಿಯ ಕಡ್ಡಿಗಳನ್ನೂ ಅದರ ಮೇಲಿನ ಸಾಲಿಗೆ ಅದೇ ಹಳ್ಳದ ಹೊಂಗೆ ಬೀಜಗಳನ್ನೂ ಊರುತ್ತಿದ್ದೇನೆ. ಹೊಂಗೆ ಬೀಜ ಹೆಚ್ಚು ಕಾಲ ಜೀವ ಹಿಡಿಯುವುದಿಲ್ಲವಾದ್ದರಿಂದ ಬೇಸಿಗೆಯಲ್ಲಿ ಆಯ್ದ ಕಾಯಿಗಳನ್ನು ಆ ವರ್ಷದ ಮುಂಗಾರಿಗೇ ಬಿಡಿಸಿ ಬಿತ್ತಬೇಕು.