ಪೆಬಲ್ ಬೀಚ್‌ನಲ್ಲಿ ಗಾಳಿ ನೋಡಿ ಆಡಿದ್ದು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕೆಲಸಕ್ಕೆ ಬಂದಾಗಿನಿಂದ ಅಲ್ಲಿನ ಕಡಲ ದಂಡೆಯ ಗಾಲ್ಫ್ ಮೈದಾನ ಪೆಬಲ್ ಬೀಚ್‌ನಲ್ಲಿ ಆಡಬೇಕು ಅನ್ನೋ ಆಸೆ ಇತ್ತು. ಯುಎಸ್ ಓಪನ್ ಗಾಲ್ಫ್ ಟೂರ್ನಿ ಆಗಾಗ ನಡೆಯೋ ಜಾಗ, ಆದರೂ ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಹದಿನೆಂಟು ಹೋಲ್‌ಗಳ ಒಂದು ಸುತ್ತಿಗೆ 600 ಡಾಲರ್‌ಗೂ ಜಾಸ್ತಿ, ಕ್ಯಾಡಿ (ಕ್ಲಬ್ ಹೊತ್ತು ಸಲಹೆ ಕೊಡೋ ಸಹಾಯಕ) ಖರ್ಚು ಬೇರೆ. ದುಬಾರಿ ನಿಜ, ಆದರೆ ಕ್ಯಾಡಿಯನ್ನು ಮಾತ್ರ ಬಿಡಬೇಡಿ.

ಆರನೇ ಹೋಲ್‌ನಲ್ಲಿ ದಿಬ್ಬ ಹತ್ತಿ ಬಂಡೆಯ ತುದಿಗೆ ಬರುತ್ತೀವಿ. ಅಲ್ಲಿಂದ ಹತ್ತರವರೆಗೂ ಬಲಗಡೆ ಸಮುದ್ರ. ನನ್ನ ಹಾಗೆ ಚೆಂಡು ಬಲಕ್ಕೆ ತಿರುಗುವವರು ಧೈರ್ಯವಾಗಿ ಎಡಕ್ಕೇ ಗುರಿ ಇಡಬೇಕು.

ಏಳನೇ ಹೋಲ್ ನೂರು ಗಜದ ಆಸುಪಾಸು, ಅಷ್ಟೇ. ಗ್ರೀನ್, ಅಂದರೆ ಗುಳಿ ಇರೋ ನುಣುಪು ಹುಲ್ಲಿನ ಜಾಗ, ಕೆಳಗಿದೆ, ಅದರ ಹಿಂದೆ ಅಲೆಗಳು ಬಂಡೆಗೆ ಬಡಿಯುತ್ತಿರುತ್ತವೆ. ನಾನು ಹತ್ತಿರದ ಹೊಡೆತಕ್ಕೆ ಬಳಸೋ ವೆಡ್ಜ್ ಕ್ಲಬ್ ತೆಗೆದಿದ್ದೆ. ಕ್ಯಾಡಿ ಚಿಟಿಕೆ ಹುಲ್ಲು ಕಿತ್ತು ಮೇಲೆ ತೂರಿದ, ಅದು ನೇರ ನಮ್ಮ ಮುಖಕ್ಕೇ ಬಂತು. ಅದಕ್ಕಿಂತ ದೂರ ಹೊಡೆಯೋ ಎಂಟನೇ ನಂಬರ್ ಐರನ್ ಕ್ಲಬ್ ಕೈಗೆ ಕೊಟ್ಟು, ಅರ್ಧ ಸ್ವಿಂಗ್ ಸಾಕು ಅಂದ. ಎದುರುಗಾಳಿಯಲ್ಲಿ ಜೋರಾಗಿ ಹೊಡೆದರೆ ಚೆಂಡಿಗೆ ಹಿಂದಿನ ಸುತ್ತು ಜಾಸ್ತಿ ಸಿಗುತ್ತದೆ, ಮೇಲಕ್ಕೇರಿ ಅಲ್ಲೇ ನಿಂತು ಬೀಳುತ್ತದೆ. ದೊಡ್ಡ ಕ್ಲಬ್ಬಲ್ಲಿ ಮೆಲ್ಲಗೆ ಹೊಡೆದರೆ ತಗ್ಗಿನಲ್ಲೇ ಸಾಗುತ್ತದೆ. ಚೆಂಡು ಗ್ರೀನ್‌ನ ಮುಂದಿನ ಅಂಚಿಗೆ ಬಿದ್ದು ಉರುಳುತ್ತಾ ಹೋಯಿತು. ಆ ಖುಷಿಯನ್ನ ಏನಂತ ಹೇಳಲಿ!

ಎಂಟನೆಯದೇ ನನಗೆ ಎಲ್ಲಕ್ಕಿಂತ ಇಷ್ಟ. ಫೇರ್‌ವೇ, ಅಂದರೆ ಗ್ರೀನ್ ಕಡೆಗೆ ಹೋಗೋ ಹುಲ್ಲುಹಾದಿ, ಒಮ್ಮೆಲೇ ಮುಗಿದು ಕೆಳಗೆ ಪ್ರಪಾತ, ಅದರಾಚೆ ಪುಟ್ಟ ಗ್ರೀನ್. ಅದಕ್ಕೇ ಟೀಯಿಂದ (ಮೊದಲ ಹೊಡೆತದ ಜಾಗ) ತೀರಾ ದೂರ ಹೊಡೆಯೋ ಡ್ರೈವರ್ ಕ್ಲಬ್ ಬೇಡ, ತುದಿಗೆ ಮುಂಚೆ ನಿಲ್ಲುವಷ್ಟು ಹೊಡೆದರೆ ಸಾಕು. ಅಲ್ಲಿಂದ ಹೊಡೆಯೋ ಎರಡನೇ ಶಾಟ್ ತನಗೆ ಅಚ್ಚುಮೆಚ್ಚು ಅಂತ ಗಾಲ್ಫ್ ದಿಗ್ಗಜ ಜ್ಯಾಕ್ ನಿಕ್ಲಾಸ್ ಹೇಳಿದ್ದಾರೆ, ಅಲ್ಲಿ ನಿಂತವರಿಗೆ ಯಾಕೆ ಅಂತ ವಿವರಿಸಬೇಕಿಲ್ಲ. ನಾನು ಪ್ರಪಾತದ ಮೇಲೆ ನೇರ ಹೊಡೆಯದೆ, ಎಡಗಡೆ ಫೇರ್‌ವೇ ಸುತ್ತಿ ಬರೋ ಕಡೆ ಹೊಡೆದು ಐದು ಹೊಡೆತಕ್ಕೆ ಮುಗಿಸಿದೆ.

ಇಲ್ಲಿನ ಗ್ರೀನ್‌ಗಳು ಚಿಕ್ಕವು, ಪೋವಾ ಅನ್ನೋ ಜಾತಿಯ ಹುಲ್ಲು. ಮಧ್ಯಾಹ್ನದ ಹೊತ್ತಿಗೆ ಹುಲ್ಲು ಎದ್ದು ಚೆಂಡು ಕುಪ್ಪಳಿಸುತ್ತದೆ, ಹಾಗಾಗಿ ಬೆಳಗಿನ ಹೊತ್ತೇ ಒಳ್ಳೆಯದು. ಪಟ್ ಮಾಡುವಾಗ (ಗ್ರೀನ್ ಮೇಲೆ ಚೆಂಡನ್ನು ಗುಳಿಯ ಕಡೆ ಉರುಳಿಸುವಾಗ) ಸಮುದ್ರ ಯಾವ ಕಡೆ ಅಂತ ಮೊದಲು ನೋಡಿ, ನೆಲ ಸಮ ಅಂತ ಕಂಡರೂ ಚೆಂಡು ಸಾಮಾನ್ಯವಾಗಿ ಆ ಕಡೆಗೇ ವಾಲುತ್ತದೆ.

ಹದಿನೆಂಟರಲ್ಲಿ ಸಮುದ್ರ ಎಡಕ್ಕೆ ಬರುತ್ತದೆ, ಆದ್ದರಿಂದ ಅಲ್ಲಿಯವರೆಗೆ ಎಡಕ್ಕಿಟ್ಟ ಗುರಿಯನ್ನ ಅಲ್ಲಿ ಬದಲಿಸಿಕೊಳ್ಳಬೇಕು. ಜೂನ್, ಜುಲೈನಲ್ಲಿ ಮಂಜು ಜಾಸ್ತಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ, ಆಗಲೂ ಒಂದು ಸ್ವೆಟರ್ ಇರಲಿ.